ಚಿಕ್ಕ ಕಾರಿಗೆ ಸೈಕಲ್ ಕಟ್ಟಿಕೊಂಡು ಬಳ್ಳಾರಿಯಿಂದ ಸಾಣಾಪುರಕ್ಕೆ

ಗಂಗಾವತಿ ಹತ್ತಿರದ ಆನೆಗೊಂದಿಯಿಂದ ಅಂಜನಾದ್ರಿ ಬೆಟ್ಟ ದಾಟಿ ಸಾಣಾಪುರಕ್ಕೆ ಹೋಗುವ ರಸ್ತೆಗಿಂತ ಸೈಕಲ್ ತುಳಿಯಲು ಚೆಂದದ ದಾರಿಯನ್ನು ನಮ್ಮ ಸೀಮೆಯಲ್ಲಿ ನಾನಂತೂ ಕಂಡಿಲ್ಲ. ಒಂದು ಕಡೆ ಬಂಡೆಗುಡ್ಡ, ಇನ್ನೊಂದು ಕಡೆ ಭತ್ತದ ಗದ್ದೆ. ಆದರೆ ಬಳ್ಳಾರಿಯಿಂದ ಗಂಗಾವತಿಗೇ ಸುಮಾರು 60 ಕಿ.ಮೀ. ಆಗುತ್ತದೆ. ಹತ್ತು ವರ್ಷದ ಮಗಳ ಜೊತೆ ಅಷ್ಟು ದೂರ ತುಳಿಯೋಕೆ ಆಗಲ್ಲ. ಬಾಡಿಗೆ ಸೈಕಲ್ ಸಿಕ್ಕರೂ ಅವಳ ಎತ್ತರಕ್ಕೆ ಸರಿಹೋಗುವುದು ಸಿಗಬೇಕಲ್ವಾ? ಹಾಗಾಗಿ ನಮ್ಮ ವ್ಯಾಗನ್ ಆರ್‌ನಲ್ಲೇ ಮೂರೂ ಸೈಕಲ್ ಒಯ್ಯೋಣ ಅಂದುಕೊಂಡೆವು.

ಹೊರಡುವ ಮುಂಚೆ ರ‍್ಯಾಕ್ ಆರಿಸಲು ಹದಿನೈದು ದಿನ ಹಿಡಿಯಿತು. ಕಾರಿನ ಮೇಲೆ ಸೈಕಲ್ ನಿಲ್ಲಿಸುವ ರ‍್ಯಾಕ್ ನೋಡಲು ಬಲು ಚೆಂದ. ಆದರೆ ನಮ್ಮ ಕಾರಿನ ಎತ್ತರವೇ 1675 ಮಿ.ಮೀ. ಅದರ ಮೇಲೆ ಸೈಕಲ್ ನಿಂತರೆ ಒಂಬತ್ತು ಅಡಿ ಮುಟ್ಟುತ್ತದೆ. ರೈಲ್ವೆ ಕೆಳಸೇತುವೆ ಮುಂದೆ ಅಡ್ಡ ಕಂಬಿ ಇರುತ್ತದೆ, ಹಳ್ಳಿ ರಸ್ತೆಯಲ್ಲಿ ಮರದ ಕೊಂಬೆ ಬಾಗಿರುತ್ತವೆ. ತಲೆ ಮೇಲೆ ಏನಿದೆ ಅನ್ನೋದನ್ನು ಚಾಲಕ ಒಂದು ಕ್ಷಣ ಮರೆತರೂ ಕಷ್ಟ. ಗೇರ್ ಸೈಕಲ್ ಒಂದೊಂದೂ ಸುಮಾರು 15 ಕೆ.ಜಿ. ತೂಗುತ್ತದೆ, ಅದನ್ನು ತಲೆಯ ಮಟ್ಟಕ್ಕಿಂತ ಮೇಲೆ ಎತ್ತಬೇಕು. ಚಿಕ್ಕ ಕಾರಿನ ಮೇಲ್ಛಾವಣಿ ಎಷ್ಟು ಭಾರ ತಡೆಯುತ್ತದೆ ಅನ್ನೋದು ಕಾರಿನ ಜೊತೆ ಕೊಡುವ ಪುಸ್ತಕದಲ್ಲಿರುತ್ತದೆ. ರ‍್ಯಾಕಿನ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಕಾರಿನ ಹಿಂದೆ ಟ್ರೇಲರ್ ಎಳೆಯಲು ಇರುವ ಕೊಂಡಿಗೆ ಸಿಕ್ಕಿಸುವ ರ‍್ಯಾಕ್ ಗಟ್ಟಿಮುಟ್ಟು. ಆದರೆ ನಮ್ಮ ಚಿಕ್ಕ ಕಾರುಗಳಿಗೆ ಆ ಕೊಂಡಿ ಕಂಪನಿಯಿಂದ ಬಂದಿರುವುದಿಲ್ಲ. ಅದನ್ನು ಅಲ್ಲಿಗೇ ಕೈಬಿಟ್ಟೆ.

ಉಳಿದದ್ದು ಡಿಕ್ಕಿ ಬಾಗಿಲಿಗೆ ಕೊಕ್ಕೆ, ಬೆಲ್ಟ್ ಹಾಕಿ ಬಿಗಿಯುವ ರ‍್ಯಾಕ್. ಬೆಲೆ ಕಡಿಮೆ, ಮಡಚಿಡಬಹುದು. ಇದನ್ನು ಕೊಳ್ಳುವ ಮುಂಚೆ ನಿಮ್ಮ ಕಾರಿನ ಹಿಂದೆ ಕೂತು ಐದು ನಿಮಿಷ ನೋಡಿ. ಕೊಕ್ಕೆ ಕೂರುವ ಅಂಚು ಲೋಹದ್ದೇ ಆಗಿರಬೇಕು. ಡಿಕ್ಕಿ ಬಾಗಿಲಿನ ಮೇಲಂಚಿನಲ್ಲಿ ಚಾಚಿರುವ ಪ್ಲಾಸ್ಟಿಕ್ ಪಟ್ಟಿ (ಸ್ಪಾಯ್ಲರ್) ಇದ್ದರೆ ಕೊಕ್ಕೆಯ ಎಳೆತಕ್ಕೆ ಅದು ಸೀಳಬಹುದು. ಗಾಜಿನ ಅಂಚಿಗೆ ಕೊಕ್ಕೆ ಹಾಕಲೇಬೇಡಿ. ವೈಪರ್ ಇದ್ದರೆ ರ‍್ಯಾಕಿನ ಕಾಲು ಅದಕ್ಕೆ ತಾಗುತ್ತದಾ ನೋಡಿ. ನಾನು ಮೊದಲು ಹೋದ ಅಂಗಡಿಯವರು "ಎಲ್ಲಾ ಕಾರಿಗೂ ಬರ್ತದ ರೀ" ಅಂದುಬಿಟ್ಟರು. ಕಾರನ್ನು ಅಂಗಡಿ ಮುಂದೆಯೇ ತಂದು ನಿಲ್ಲಿಸಿ ಕೂರಿಸಿ ನೋಡಿದರೆ ಕೆಳಗಿನ ಕೊಕ್ಕೆ ಕಚ್ಚಲೇ ಇಲ್ಲ. ಇನ್ನೊಂದು ಕಡೆ ಬೆಲ್ಟ್ ಉದ್ದ ಇದ್ದದ್ದು ಸಿಕ್ಕಿತು. ಹಾಕಿ ನೋಡದೆ ದುಡ್ಡು ಕೊಡಬೇಡಿ.

ಅಳತೆಯ ವಿಷಯ ಬಹಳ ಮುಖ್ಯ. ದೊಡ್ಡವರ ಸೈಕಲ್ ಉದ್ದ ಸುಮಾರು 1.7 ಮೀಟರ್, ಕೆಲವು ಇನ್ನೂ ಜಾಸ್ತಿ. ನಮ್ಮ ಕಾರಿನ ಅಗಲ 1620 ಮಿ.ಮೀ. ಆಲ್ಟೊ ಕೆ10 ಆದರೆ 1490 ಮಾತ್ರ. ಅಂದರೆ ಅಡ್ಡಕ್ಕೆ ಕಟ್ಟಿದ ಸೈಕಲ್‌ನ ಚಕ್ರ ಕಾರಿನಿಂದ ಹೊರಗೆ ಚಾಚುತ್ತದೆ. ಮುಂದಿನ ಚಕ್ರ ಬಿಚ್ಚಿ ಕಾರೊಳಗೆ ಇಟ್ಟರೆ ಆ ತೊಂದರೆ ಇಲ್ಲ. ಕಟ್ಟಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ನಂಬರ್, ಬ್ರೇಕ್ ಲೈಟ್, ಇಂಡಿಕೇಟರ್ ಎಲ್ಲಾ ಕಾಣಲೇಬೇಕು. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟಿನ ಚೂರು ಸಿಗಿಸಿ. ಅದು ಹೈಡ್ರಾಲಿಕ್ ಬ್ರೇಕ್ (ತಂತಿಯ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವಂಥದ್ದು) ಆಗಿದ್ದು, ಗೊತ್ತಿಲ್ಲದೆ ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್ ಒಂದಕ್ಕೊಂದು ಅಂಟಿಕೊಂಡು ಚಕ್ರ ಮತ್ತೆ ಕೂರುವುದಿಲ್ಲ.

ನಮ್ಮ ರ‍್ಯಾಕ್ ಮೇಲೆ ಮೂರು ಸೈಕಲ್‌ಗೆ ಜಾಗ ಇತ್ತು. ನಾನು ಎರಡೇ ಹಾಕಿದೆ. ಮಗಳ ಚಿಕ್ಕ ಸೈಕಲ್ಲನ್ನು ಹಿಂದಿನ ಸೀಟಿನ ಅರ್ಧ ಮಡಚಿ ಒಳಗೇ ಮಲಗಿಸಿದೆವು, ಜಾರದಂತೆ ಹಗ್ಗ ಹಾಕಿದೆವು. ಉಳಿದರ್ಧದಲ್ಲಿ ಅವಳು. ಹೋಗುವವರು ನೀವಿಬ್ಬರೇ ಆದರೆ ರ‍್ಯಾಕ್ ಕೊಳ್ಳುವ ಮುಂಚೆ ಸೀಟು ಪೂರ್ತಿ ಮಡಚಿ, ಚಕ್ರ ಬಿಚ್ಚಿ, ಒಂದು ಸಲ ಒಳಗೇ ಇಟ್ಟು ನೋಡಿ. ಕೆಳಗೆ ಹಾಸಲು ಹಳೇ ಬೆಡ್‌ಶೀಟು ಒಂದಿದ್ದರೆ ಸಾಕು.

ಮನೆಯವಳದು ಲೇಡೀಸ್ ಸೈಕಲ್. ಅದಕ್ಕೆ ಅಡ್ಡ ಪೈಪ್ ಇಲ್ಲ, ರ‍್ಯಾಕಿನ ತೋಳಿಗೆ ನೇತುಹಾಕಲು ಆಗಲ್ಲ. ಸೀಟಿನ ಕಂಬದಿಂದ ಹ್ಯಾಂಡಲ್‌ವರೆಗೆ ಸಿಗಿಸುವ ಉದ್ದದ ಸರಳು ಬೇರೆಯಾಗಿ ಸಿಗುತ್ತದೆ, ಅದನ್ನು ತಂದೆವು.

ಡಿಸೆಂಬರ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ಹೊರಟೆವು. ತೋರಣಗಲ್ಲು ಕಡೆಯಿಂದ ಹೊಸಪೇಟೆಗೆ ಹೋದರೆ ರಸ್ತೆ ದೊಡ್ಡದು, ಆದರೆ ಅದಿರು ಲಾರಿಗಳು, ಕೆಂಪು ಧೂಳು. ಎಣ್ಣೆ ಹಚ್ಚಿದ ಚೈನಿಗೆ ಆ ಧೂಳು ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಅದಕ್ಕೇ ಕುರುಗೋಡು, ಕಂಪ್ಲಿ ದಾರಿ ಹಿಡಿದೆವು.

ಕುರುಗೋಡಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನಲು ನಿಂತಾಗ ಹಿಂದೆ ಹೋಗಿ ನೋಡಿದರೆ ಎದೆ ಧಸಕ್ ಅಂತು. ಎಡಗಡೆಯ ಬೆಲ್ಟ್ ಎರಡು ಬೆರಳು ಸಡಿಲ. ನನ್ನ ಸೈಕಲ್‌ನ ಪೆಡಲ್ ಡಿಕ್ಕಿ ಬಾಗಿಲಿಗೆ ತಾಗಿ ತಾಗಿ ಅಂಗೈ ಉದ್ದದ ಗೀರು ಎಳೆದಿತ್ತು, ಬಣ್ಣದ ಕೆಳಗಿನ ಬೂದು ಪದರ ಕಾಣುತ್ತಿತ್ತು. ಹೊಸ ಬೆಲ್ಟ್ ಮೊದಲ ಹಂಪ್ಸ್‌ಗಳಲ್ಲೇ ಸಡಿಲಾಗುತ್ತದೆ ಅಂತ ಆಗ ಗೊತ್ತಾಯಿತು. ಹೊರಟು 10 ಕಿ.ಮೀ. ಆಗುತ್ತಲೇ ಒಮ್ಮೆ ನಿಲ್ಲಿಸಿ ಎಲ್ಲ ಬೆಲ್ಟ್ ಎಳೆದು ನೋಡಿ, ಆಮೇಲೆ ಪ್ರತಿ ನಿಲುಗಡೆಯಲ್ಲೂ ನೋಡಿ. ಉಳಿದ ಬೆಲ್ಟಿನ ತುದಿಯನ್ನು ಗಂಟು ಹಾಕಿ, ಇಲ್ಲದಿದ್ದರೆ ಗಾಳಿಗೆ ಬಡಿದು ಬಡಿದು ಬಕಲ್ ಬಿಚ್ಚಿಕೊಳ್ಳಬಹುದು. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿದೆ. "ತಗೋ ಅಣ್ಣಾ" ಅಂತ ಹುಡುಗ ದುಡ್ಡು ಇಸ್ಕೊಳ್ಳದೆ ಕೊಟ್ಟ. ಅದರಲ್ಲಿ ಪೆಡಲ್ ಸುತ್ತಿ, ಎರಡೂ ಸೈಕಲ್‌ಗಳನ್ನು ಒಂದಕ್ಕೊಂದು ಬಿಗಿದೆ. ಆಮೇಲೆ ಅಲುಗಾಟ ನಿಂತಿತು.

ಕಂಪ್ಲಿ ಹತ್ತಿರ ಬಂದಂತೆ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು, ಅಂಚಿಗೆ ಕಲ್ಲು ಇಟ್ಟಿದ್ದರು. ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್. ಮುಂದಿನ ಚಕ್ರ ಬಿಚ್ಚದೆ ಬಂದಿದ್ದರೆ ಅಲ್ಲಿ ಖಂಡಿತ ತಾಗುತ್ತಿತ್ತು. ಹಂಪ್ಸ್ ಬಂದಾಗ ಪೂರ್ತಿ ನಿಧಾನ ಮಾಡಿ. ವೇಗ 60 ದಾಟಿಸದೇ ಇರುವುದು ಒಳ್ಳೇದು.

ಕಂಪ್ಲಿಯ ಹೊಳೆ ಸೇತುವೆ ತಗ್ಗಿನದು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಮುಳುಗುತ್ತದೆ. ಆಗ ಹೊಸಪೇಟೆ ಕಡೆಯಿಂದ ಬುಕ್ಕಸಾಗರ, ಕಡೆಬಾಗಿಲು ಸೇತುವೆ ಮೇಲೆ ಬರಬೇಕು.

ಆನೆಗೊಂದಿಯಲ್ಲಿ ಕಾರು ನಿಲ್ಲಿಸಿ, ರ‍್ಯಾಕ್ ಬಿಚ್ಚಿ ಒಳಗಿಟ್ಟು ಬೀಗ ಹಾಕಿ. ರ‍್ಯಾಕ್ ಕಟ್ಟಿದ್ದಾಗ ಡಿಕ್ಕಿ ತೆಗೆಯಲು ಆಗಲ್ಲ, ಆದ್ದರಿಂದ ಪಂಪ್, ನೀರು, ಪಾನಾ ಎಲ್ಲವೂ ಮುಂದಿನ ಸೀಟಿನ ಬಳಿಯೇ ಇರಲಿ. ಚಕ್ರ ಕೂರಿಸಿ ಬ್ರೇಕ್ ನೋಡಿಕೊಳ್ಳಲು ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಎಂಟಕ್ಕೆಲ್ಲ ತುಳಿಯಲು ಶುರು ಮಾಡಿದೆವು. ಅಂಜನಾದ್ರಿ ಹತ್ತಿರ ಭಕ್ತರ ಗಾಡಿಗಳು ಜಾಸ್ತಿ, ಅಲ್ಲಿ ಮಗಳನ್ನು ಇಬ್ಬರ ನಡುವೆ ಬಿಟ್ಟುಕೊಂಡೆವು. ಅದನ್ನು ದಾಟಿದ ಮೇಲೆ ಕಾಲುವೆ ಪಕ್ಕದ ಇಳಿಜಾರಿನಲ್ಲಿ ಅವಳೇ ಮುಂದೆ. ಸಾಣಾಪುರ ಕೆರೆ ಕಾಣುವವರೆಗೂ ಹಿಂತಿರುಗಿ ನೋಡಲಿಲ್ಲ.