ಅಲ್ಲಿ ಊಟಕ್ಕ ಏನ್ ಮಾಡ್ತಿದ್ರಿ?

ಜರ್ಮನಿಯಲ್ಲಿ ಐದು ವರ್ಷ ಇದ್ದು ಕಲಬುರಗಿಗೆ ವಾಪಸ್ ಬಂದಿದ್ದೇನೆ. ಸಂಬಳದ ಬಗ್ಗೆ ಕೇಳಿದವರು ಕಡಿಮೆ, ಚಳಿ ಬಗ್ಗೆ ಕೇಳಿದವರು ಇನ್ನೂ ಕಡಿಮೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕ ಏನ್ ಮಾಡ್ತಿದ್ರಿ?" ಮಕ್ಕಳನ್ನು ಓದಲಿಕ್ಕೆ ಕಳಿಸುವ ತಾಯಂದಿರಾದರೆ ಪೆನ್ನು, ಹಾಳೆ ಹಿಡಿದುಕೊಂಡೇ ಬರುತ್ತಾರೆ. "ಏನೇನ್ ಕಟ್ಟಿ ಕಳಿಸಬೇಕ್ರಿ ಅಕ್ಕಾ? ಹುಡುಗ ಸೊರಗಬಾರ್ದು ನೋಡ್ರಿ."

ಸೊರಗುವುದಿಲ್ಲ. ನಾನು ಮೊದಲನೇ ವರ್ಷ ಏಳು ಕಿಲೋ ಏರಿದೆ.

ಚೀಸ್, ಕೇಕ್ ತಿಂದು ಹಾಗಾಯಿತು ಅಂತ ಮನೆಯವರು ಅಂದುಕೊಂಡರು. ಅಲ್ಲ, ನಾನು ದಪ್ಪ ಆಗಿದ್ದು ನಮ್ಮದನ್ನೇ ತಿಂದು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲೆ. ಕೆಲಸ ಮುಗಿಸಿ ಬಂದರೆ ಅಡುಗೆ ಮಾಡುವ ಮನಸ್ಸೇ ಇರುತ್ತಿರಲಿಲ್ಲ. ಒಂದು ಪಾತ್ರೆ ಬಿಳಿ ಅನ್ನ, ಉಪ್ಪಿನಕಾಯಿ, ಮೊಸರು. ಮೇಲೆ ಅವ್ವ ಕಳಿಸಿದ ಚೂಡಾ. ಅದೂ ಬೇಡವೆಂದರೆ ನೂಡಲ್ಸ್. ನಮ್ಮ ಮನೆಯಲ್ಲಿ ಅನ್ನ ಅಂದರೆ ಊಟದ ಕೊನೆಗೆ ನಾಲ್ಕು ತುತ್ತು. ಅದಕ್ಕಿಂತ ಮೊದಲು ಎರಡು ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ, ಸೌತಿಕಾಯಿ ಎಲ್ಲ ಹೊಟ್ಟೆ ಸೇರಿರುತ್ತದೆ. ಅಲ್ಲಿ ನಾನು ಆ ಕೊನೆಯ ನಾಲ್ಕು ತುತ್ತನ್ನೇ ಇಡೀ ಊಟ ಮಾಡಿಕೊಂಡಿದ್ದೆ. ಊರಿನ ರುಚಿ ಇತ್ತು, ಊರಿನ ತಟ್ಟೆ ಇರಲಿಲ್ಲ.

ಹಾಗಾಗಿ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ರುಚಿ ಕಟ್ಟಿಕೊಂಡು ಹೋಗಬೇಡಿ, ತಟ್ಟೆಯ ಲೆಕ್ಕ ತೆಗೆದುಕೊಂಡು ಹೋಗಿ. ಒಂದು ಗಟ್ಟಿ ಧಾನ್ಯ, ಒಂದು ಬೇಳೆ, ಒಂದು ಸೊಪ್ಪು, ಒಂದಿಷ್ಟು ಹಸಿಯದು. ಅದನ್ನು ಅಲ್ಲಿ ಸಿಗುವುದರಿಂದಲೇ ತುಂಬಿಸಬಹುದು.

ರೊಟ್ಟಿಯ ಕಥೆ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಅಲ್ಲೇ ಎಡವುತ್ತಾರೆ. ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಆದರೆ ಯಾವಾಗ ಬೀಸಿದ್ದೋ ಏನೋ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟನ್ ಅನ್ನುವ ಅಂಟು ಇಲ್ಲ. ಬಿಸಿ ಎಸರು ಹಾಕಿ ನಾದಿದಾಗಲೇ ಹಿಟ್ಟು ಹಿಡಿದುಕೊಳ್ಳುವುದು. ಹಳೆ ಹಿಟ್ಟಾದರೆ ಜಿಗಿಯೇ ಇರುವುದಿಲ್ಲ, ಬಡಿದಷ್ಟೂ ಅಂಚು ಸೀಳುತ್ತದೆ. ಕರೆಂಟ್ ಒಲೆಯಲ್ಲಿ ಉರಿಯೂ ಇಲ್ಲ, ಉಬ್ಬುವುದೂ ಇಲ್ಲ. ಇನ್ನೊಂದು, ಭಾನುವಾರ ಅಲ್ಲಿ ಸದ್ದು ಮಾಡುವ ಹಾಗಿಲ್ಲ. ಒಂದು ಭಾನುವಾರ ಹಟ ಹಿಡಿದು ರೊಟ್ಟಿ ಬಡಿಯುತ್ತಾ ಕೂತಿದ್ದೆ. ಕೆಳಗಿನ ಮನೆಯ ಅಜ್ಜಿ ಬಂದು ಬಾಗಿಲು ತಟ್ಟಿದರು. ಭಾನುವಾರ ಗೋಡೆಗೆ ಮೊಳೆ ಹೊಡೆಯಬಾರದು ಅಂತ ನಿಧಾನವಾಗಿ ತಿಳಿಸಿ ಹೇಳಿದರು. ಅವರಿಗೊಂದು ರೊಟ್ಟಿ ಕೊಟ್ಟು ಕಳಿಸಿದೆ. ಆಮೇಲೆ ಶನಿವಾರವೇ ಬಡಿಯಲು ಶುರು ಮಾಡಿದೆ, ಅದೂ ತಿಂಗಳಿಗೊಮ್ಮೆ.

ಉಳಿದ ದಿನ? ಅಲ್ಲಿನ ಬ್ರೆಡ್. ನಗಬೇಡಿ. ನಮ್ಮ ಬೇಕರಿಯ ಬಿಳಿ ಸ್ಪಂಜಲ್ಲ ಅದು. ರೈ ಅನ್ನುವ ಧಾನ್ಯದ್ದು ಇಟ್ಟಿಗೆ ಹಾಗೆ ಭಾರ, ಸ್ವಲ್ಪ ಹುಳಿ. ಎರಡು ಹೋಳು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ಆದರೆ ಬಣ್ಣ ನೋಡಿ ಮೋಸ ಹೋಗಬಾರದು, ಕಂದು ಬಣ್ಣ ಮಾಲ್ಟ್, ಅಂದರೆ ಮೊಳಕೆ ಬರಿಸಿ ಹುರಿದ ಧಾನ್ಯ, ಹಾಕಿದರೂ ಬರುತ್ತದೆ. ಮೇಲೆ 'ಫೋಲ್‌ಕೋರ್ನ್' ಅಂತ ಬರೆದಿರಬೇಕು. ಹಾಗೆ ಬರೆಯಬೇಕಾದರೆ ಅದರಲ್ಲಿನ ಧಾನ್ಯದ ನೂರಕ್ಕೆ ಕನಿಷ್ಠ 90 ಭಾಗ ಇಡಿಯಾದದ್ದೇ ಆಗಿರಬೇಕು ಅನ್ನುವುದು ಅಲ್ಲಿನ ನಿಯಮ. ಅಲ್ಲಿ ಕ್ವಾರ್ಕ್ ಅಂತ ಒಂದು ಸಿಗುತ್ತದೆ, ಬಟ್ಟೆಯಲ್ಲಿ ಕಟ್ಟಿದ ಗಟ್ಟಿ ಮೊಸರಿನ ಹಾಗೆ. 100 ಗ್ರಾಂನಲ್ಲಿ ಸುಮಾರು 12 ಗ್ರಾಂ ಪ್ರೋಟೀನ್. ಆ ಬ್ರೆಡ್ಡಿಗೆ ಕ್ವಾರ್ಕ್ ಹಚ್ಚಿ, ಮೇಲೆ ಶೇಂಗಾ ಹಿಂಡಿ ಉದುರಿಸಿ, ಪಕ್ಕದಲ್ಲಿ ಮೂಲಂಗಿ ಕಡಿದುಕೊಂಡು ತಿಂದು ನೋಡಿ. ಬೆಳಗಿನ ಹೊತ್ತು ನನಗೆ ಈಗಲೂ ಅದು ನೆನಪಾಗುತ್ತದೆ. ಇಲ್ಲಿ ಸಿಗುವುದಿಲ್ಲ.

ಅನ್ನ ತಪ್ಪು ಅಂತಲ್ಲ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ನಾರಿದ್ದರೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರೊಟ್ಟಿ ಬಿಟ್ಟು ಬರೀ ಅನ್ನಕ್ಕೆ ಇಳಿದರೆ ಹೊಟ್ಟೆ ಕಟ್ಟುವುದು, ಪದೇ ಪದೇ ಹಸಿವಾಗುವುದು ಎರಡೂ ಶುರು. ಹೋದ ಹೊಸತರಲ್ಲಿ ಹುಡುಗರು ಅನುಭವಿಸುವುದು ಇದನ್ನೇ, ನಾಚಿಕೆಗೆ ಹೇಳುವುದಿಲ್ಲ ಅಷ್ಟೇ.

ನನ್ನನ್ನು ನಿಜಕ್ಕೂ ಉಳಿಸಿದ್ದು ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಜತೆ ಉಣ್ಣುವ ಭಜ್ಜಿ. ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ: ಹಸಿ ಕಡಲೆ, ಬಟಾಣಿ, ಅವರೆ, ಮೆಂತ್ಯ, ಪಾಲಕ್, ಗಜ್ಜರಿ, ಏನೇನು ಆ ಕಾಲಕ್ಕೆ ಸಿಗುತ್ತದೋ ಎಲ್ಲ ಒಂದೇ ಪಾತ್ರೆಗೆ. ಸ್ವಲ್ಪ ಹುಣಸೆ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಗಟ್ಟಿಗೆ ಕಡಲೆ ಹಿಟ್ಟು. ಅಲ್ಲಿದ್ದಾಗ ಒಂದು ಎಳ್ಳ ಅಮಾವಾಸ್ಯೆಗೆ ಮನೆ ನೆನಪಾಗಿ ಅಳು ಬಂತು. ಫ್ರೀಜರ್ ತೆಗೆದು ನೋಡಿದೆ. ಬಟಾಣಿ, ಬೀನ್ಸ್, ಪಾಲಕ್ ಇದ್ದವು. ಡಬ್ಬಿಯಲ್ಲಿ ಬೇಯಿಸಿದ ಕಾಬೂಲಿ ಕಡಲೆ ಇತ್ತು. ಎಲ್ಲ ಸೇರಿಸಿ ಕುದಿಸಿದೆ. ಇಪ್ಪತ್ತೈದು ನಿಮಿಷದಲ್ಲಿ ಮೂರು ದಿನಕ್ಕಾಗುವಷ್ಟು ಭಜ್ಜಿ! ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ಲ, ದೊಡ್ಡ ಬಟ್ಟಲು ಭಜ್ಜಿ ಉಂಡರೆ ಅರ್ಧ ದಾರಿ ಮುಗಿದ ಹಾಗೆ. ಫ್ರೀಜರ್ ತರಕಾರಿ ಅಂದರೆ ಮೂಗು ಮುರಿಯುವವರಿದ್ದಾರೆ. ಕಿತ್ತ ಕೂಡಲೇ ಹಬೆ ತೋರಿಸಿ ಹೆಪ್ಪುಗಟ್ಟಿಸುವುದರಿಂದ ಅದರ ಸತ್ವ ಬಹಳ ಹೋಗಿರುವುದಿಲ್ಲ. ಪಾಲಕ್ ಕೊಳ್ಳುವಾಗ ಮಾತ್ರ ಪ್ಯಾಕೆಟ್ ತಿರುಗಿಸಿ ಓದಿ, ಕೆಲವದರಲ್ಲಿ ಕೆನೆ ಸೇರಿಸಿರುತ್ತಾರೆ.

ಪುಂಡಿ ಅನ್ನುವ ನಮ್ಮ ಹುಳಿ ಸೊಪ್ಪಿನ ಪಲ್ಯದ ಆಸೆ ತೀರಿಸಿದ್ದು ರೂಬಾರ್ಬ್ ಅನ್ನುವ ಹುಳಿ ದಂಟು. ಏಪ್ರಿಲ್‌ನಿಂದ ಜೂನ್‌ವರೆಗೆ ಅಂಗಡಿ ತುಂಬ ಕೆಂಪು ದಂಟು. ಅವರು ಸಕ್ಕರೆ ಹಾಕಿ ಕೇಕ್ ಮಾಡುತ್ತಾರೆ, ನಾನು ಪಾಲಕ್, ತೊಗರಿಬೇಳೆ ಜತೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಪುಂಡಿ ಅಲ್ಲ, ಆದರೆ ಪುಂಡಿಯ ದೂರದ ಸಂಬಂಧಿ ಅನ್ನಬಹುದು. ದಂಟು ಮಾತ್ರ, ಎಲೆ ವಿಷ, ಬಾಯಿಗೆ ಹಾಕಬೇಡಿ.

ಬೇಳೆಗೆ ಚಿಂತೆ ಬೇಡ. ಕೆಂಪು ಮಸೂರ ಬೇಳೆ ಎಲ್ಲ ಅಂಗಡಿಯಲ್ಲೂ ಇದೆ, ಕುಕ್ಕರ್ ಇಲ್ಲದೆ ಹದಿನೈದು ನಿಮಿಷಕ್ಕೆ ಬೇಯುತ್ತದೆ. ಹಾಗಂತ ನಮ್ಮ ತೊಗರಿ ಬಿಡಲಿಕ್ಕಾಗುತ್ತದಾ? 2019ರಲ್ಲಿ ಭೌಗೋಳಿಕ ಗುರುತು ಸಿಕ್ಕ ಬೇಳೆ ನಮ್ಮದು. ಎರಡು ಕಿಲೋ ಹಾಕಿಕೊಳ್ಳಿ. ಜತೆಗೆ ಮೂರು ಲೀಟರ್‌ನ ಕುಕ್ಕರ್, ತಳ ಸಪಾಟಾಗಿರುವಂಥದ್ದು.

ಪೂರ್ತಿ ಸಸ್ಯಾಹಾರಿಗಳು ಬಿ12 ವಿಟಮಿನ್ ಪರೀಕ್ಷೆ ಮಾಡಿಸಿಕೊಂಡೇ ಹೊರಡಿ. ಚಳಿಗಾಲದಲ್ಲಿ ಅಲ್ಲಿನ ಬಿಸಿಲಿಗೆ ಮೈಯಲ್ಲಿ ಡಿ ವಿಟಮಿನ್ ಸಾಕಷ್ಟು ತಯಾರಾಗುವುದಿಲ್ಲ, ಅದನ್ನೂ ಡಾಕ್ಟರಿಗೆ ಕೇಳಿ. ಭಾನುವಾರ ಅಂಗಡಿ ಬಂದ್. ಶನಿವಾರ ತರಕಾರಿ ತರದವನು ಭಾನುವಾರ ನೂಡಲ್ಸ್ ತಿನ್ನುತ್ತಾನೆ, ಬರೆದಿಟ್ಟುಕೊಳ್ಳಿ.

ಇನ್ನು ಕಟ್ಟುವ ವಿಷಯ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಒಂದೊಂದು ಕಿಲೋ. ಒಣಗಿಸಿದ ಪುಂಡಿ ಸೊಪ್ಪು ಒಯ್ಯುವವರಿದ್ದಾರೆ, ನಾನು ಒಯ್ದಿಲ್ಲ. ಕಡಕ್ ರೊಟ್ಟಿ ಹತ್ತಿಪ್ಪತ್ತು ಸಾಕು, ಹೋದ ಮೊದಲ ವಾರಕ್ಕೆ. ಪುಡಿಯಾದರೂ ಬೇಳೆಗೆ ಹಾಕಿಕೊಂಡು ಉಣ್ಣಬಹುದು. ಹಸಿ ಕರಿಬೇವು ಬೇಡ. ತುಪ್ಪ, ಪೇಡಾ, ಖೋವಾದ್ದು ಏನೂ ಬೇಡ. ಯುರೋಪಿನ ಹೊರಗಿನಿಂದ ಬರುವವರು ಹಾಲಿನ ಪದಾರ್ಥ ಒಯ್ಯುವ ಹಾಗಿಲ್ಲ, ಸ್ವಲ್ಪ ಆದರೂ ಅಷ್ಟೇ. ಇದು ನನಗೆ ಗೊತ್ತಾಗಿದ್ದು ವಿಮಾನ ಇಳಿದ ಮೇಲೆ. ಅವ್ವ ನಾಲ್ಕು ದಿನ ಬೆಣ್ಣೆ ಕೂಡಿಸಿ ಕಾಯಿಸಿದ ತುಪ್ಪ, ಪರಿಶೀಲನೆಯವರು ಬಾಟಲಿ ಸಮೇತ ಕಸದ ಡಬ್ಬಕ್ಕೆ ಹಾಕಿದರು. ತಪ್ಪು ನನ್ನದೇ. ಆದರೂ ಆ ಸದ್ದು ಮರೆತಿಲ್ಲ.

ಹೋದ ತಿಂಗಳು ಹಿಂದಿನ ಓಣಿಯ ಅಕ್ಕ ಇದನ್ನೆಲ್ಲ ಬರೆದುಕೊಂಡು ಹೋದರು. ಮಗ ಹೊರಡುವ ಹಿಂದಿನ ದಿನ ನಾನೇ ಅವರ ಮನೆಗೆ ಹೋಗಿದ್ದೆ. ಬ್ಯಾಗು ತೂಕಕ್ಕೆ ಇಟ್ಟಿದ್ದರು. ಅಂಗಿ ಸುತ್ತಿದ ಏನೋ ಒಂದು ಮೂಲೆಯಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕಿತು.

"ಅಕ್ಕಾ, ತುಪ್ಪ ಏನ್ರಿ ಇದು?"

"ಸಣ್ಣ ಬಾಟ್ಲಿ ಅದ ಬಿಡ್ರಿ," ಅಂದರು.