ಒಂದು ರಾತ್ರಿಗೆ 168 ರೂಪಾಯಿ

ಲಾರಿ ಓಡಿಸುವ ಕೆಲಸಕ್ಕೆ ಬರುತ್ತೇನೋ ಇಲ್ಲವೋ ಅಂತ ಹೊಸೂರಿನ ಕಂಪನಿಯವರಿಗೆ ಸೋಮವಾರದ ಒಳಗೆ ಉತ್ತರ ಹೇಳಬೇಕಿತ್ತು. ಹತ್ತು ದಿನ ತಲೆಯಲ್ಲಿ ಅದೊಂದೇ ಇತ್ತು. ಸ್ಟೇರಿಂಗ್ ಹಿಡಿದಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ಕೊನೆಗೆ ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಲೆಕ್ಕ ಬರೆದೆ. ನನ್ನ ಹಾಗೆ ಲಾರಿ ಓಡಿಸುತ್ತಾ, ಬೇರೆ ಕಡೆ ಹೋಗಲಾ ಬೇಡವಾ ಅಂತ ಯೋಚನೆ ಮಾಡುವವರು ನಮ್ಮ ಕಡೆ ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ನಮ್ಮದು ತಾಳವಾಡಿ ಹತ್ತಿರದ ಹಳ್ಳಿ. ಜಿಲ್ಲೆ ಈರೋಡು, ರಾಜ್ಯ ತಮಿಳುನಾಡು, ಮನೆಯಲ್ಲಿ ಮಾತು ಕನ್ನಡ. ರಾಜ್‌ಕುಮಾರ್ ಅವರ ಗಾಜನೂರು ನಮ್ಮ ತಾಲೂಕಿನಲ್ಲೇ ಇದೆ ಅಂದರೆ ದೂರದವರಿಗೂ ಜಾಗ ಗೊತ್ತಾಗುತ್ತದೆ. ನನಗೀಗ 38. ಹನ್ನೊಂದು ವರ್ಷದಿಂದ ಒಬ್ಬರೇ ಓನರ್ ಹತ್ತಿರ ಆರು ಚಕ್ರದ ಲಾರಿ ಓಡಿಸುತ್ತಿದ್ದೇನೆ. ಹೆಚ್ಚಾಗಿ ಎಲೆಕೋಸು, ಟೊಮೆಟೊ, ಕೆಲವು ಸಲ ಬಾಳೆ. ಇಲ್ಲಿಂದ ಹಾಸನೂರು, ದಿಂಬಂ ಘಾಟಿ ಇಳಿದರೆ ಬಣ್ಣಾರಿ, ಸತ್ಯಮಂಗಲ, ಅಲ್ಲಿಂದ ಮೇಟುಪಾಳ್ಯಂ ತರಕಾರಿ ಮಂಡಿ.

ದಿಂಬಂ ಘಾಟಿಯಲ್ಲಿ 27 ಬೆಂಡುಗಳಿವೆ, ಅಂದರೆ ಕಡಿದಾದ ತಿರುವುಗಳು. ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ ಗೇರ್ ಅಂತ ಕಲಿಸಿಕೊಟ್ಟ ಹಿರಿಯರು ಹೇಳಿದ್ದರು, ಇವತ್ತಿಗೂ ಹಾಗೇ ಮಾಡುತ್ತೇನೆ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾದು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಎಷ್ಟು ತುಳಿದರೂ ಗಾಡಿ ಹಿಡಿಯುವುದಿಲ್ಲ. ಬೆಂಡಿನಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಯಾಕೆಂದರೆ ಲೋಡ್ ಇಟ್ಟುಕೊಂಡು ಅಲ್ಲಿ ನಿಂತರೆ ಮತ್ತೆ ಎಬ್ಬಿಸುವುದು ಕಷ್ಟ. ಇದು ಗೊತ್ತಿಲ್ಲದ ಒಬ್ಬ ಡ್ರೈವರ್ ಮೂಗು ತೂರಿಸಿದರೆ ಸಾಕು, ಮೇಲೆ ಕೆಳಗೆ ಎರಡೂ ಕಡೆ ಗಾಡಿಗಳು ಮೂರು ನಾಲ್ಕು ಗಂಟೆ ನಿಂತು ಬಿಡುತ್ತವೆ. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಆನೆಗಳು ಕಬ್ಬಿನ ಲಾರಿ ಕಾಯುತ್ತಾ ನಿಂತಿರುತ್ತವೆ. ಅವುಗಳಿಗೆ ಕಬ್ಬು ಎಸೆದು ರುಚಿ ಹತ್ತಿಸಿದವರು ನಮ್ಮ ಡ್ರೈವರ್‌ಗಳೇ. ದಯವಿಟ್ಟು ಯಾರೂ ಎಸೆಯಬೇಡಿ. ಮರಿ ಆನೆಗಳೂ ರಸ್ತೆಗೆ ಬಂದು ನಿಲ್ಲುವುದನ್ನು ಕಲಿಯುತ್ತಿವೆ, ನೋಡಿದರೆ ಸಂಕಟ ಆಗುತ್ತದೆ.

ಈ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ. ರಾತ್ರಿ ಗಾಡಿ ಬಿಡಬಾರದು ಅಂತ 2019ರಲ್ಲೇ ಆದೇಶ ಬಂದಿತ್ತು. ನಿಜವಾಗಿ ಜಾರಿಯಾಗಿದ್ದು ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ, 2022ರ ಫೆಬ್ರವರಿ 10ರಿಂದ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸರಕು ಲಾರಿ ಘಾಟಿಗೆ ಹೋಗುವಂತಿಲ್ಲ. ಆವತ್ತು ತಾಳವಾಡಿ ಕಡೆಯ ರೈತರು ಪ್ರತಿಭಟನೆ ಮಾಡಿದರು, ನಾನೂ ಹೋಗಿ ನಿಂತಿದ್ದೆ. ಹೊಟ್ಟೆಪಾಡಿನ ವಿಷಯ ಅಲ್ವಾ? ಮೊದಲು ಸಂಜೆ ಲೋಡ್ ಮಾಡಿ ರಾತ್ರಿಯೇ ಘಾಟಿ ಇಳಿದು, ಬೆಳಗಿನ ಜಾವಕ್ಕೆ ಮಂಡಿ ಸೇರಿ, ಆಮೇಲೆ ನಿಧಾನವಾಗಿ ರಿಟರ್ನ್ ಲೋಡ್ ಹುಡುಕಿಕೊಂಡು ಬರುತ್ತಿದ್ದೆವು. ಈಗ ರಿಟರ್ನ್ ಲೋಡ್‌ಗೆ ಕಾಯುತ್ತಾ ಕೂತರೆ ಆರು ಗಂಟೆ ದಾಟಿ ಹೋಗುತ್ತದೆ. ಬಾಡಿಗೆ ಕಡಿಮೆ ಆಯಿತು, ನನ್ನ ಬಾಟಾನೂ (ಸಂಬಳ ಬಿಟ್ಟು ಡ್ರೈವರ್‌ಗೆ ಕೊಡುವ ಭತ್ಯೆ) ಕಡಿಮೆ ಆಯಿತು.

ಆದರೆ ಆವಾಗಿನಿಂದ ನಾನು ರಾತ್ರಿ ಮನೆಯಲ್ಲಿ ಮಲಗುತ್ತಿದ್ದೇನೆ. ಸಂಜೆ ಲೋಡ್ ಮಾಡಿ ಲಾರಿಯನ್ನು ಊರಲ್ಲೇ ನಿಲ್ಲಿಸಿ, ನಸುಕಿಗೆ ಎದ್ದು ಹೊರಟು, ಗೇಟು ತೆಗೆಯುವ ಹೊತ್ತಿಗೆ ಸರದಿಯಲ್ಲಿರುತ್ತೇನೆ. ಮಂಡಿಯಲ್ಲಿ ಇಳಿಸಿ, ಐದು ಗಂಟೆಯೊಳಗೆ ಮತ್ತೆ ಬಣ್ಣಾರಿ ದಾಟುತ್ತೇನೆ. ಏಳೂವರೆಗೆ ಮನೆ. ಅದಕ್ಕೆ ಮೊದಲು ನಾನು ಬಂದಾಗ ಮಗಳು ಮಲಗಿರುತ್ತಿದ್ದಳು, ಅಥವಾ ಅವಳು ಏಳುವಾಗ ನಾನು ಮಲಗಿರುತ್ತಿದ್ದೆ. ಈಗ ಏಳನೇ ಕ್ಲಾಸು. ದಿನಾ ಗಣಿತದ ಪುಸ್ತಕ ತಂದು ಪಕ್ಕದಲ್ಲಿ ಕೂರುತ್ತಾಳೆ. ಪ್ರತಿಭಟನೆಗೆ ಹೋಗಿದ್ದಾಗ ಇದು ಹೀಗೆ ಆಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಹಾಗಂತ ಈ ಕೆಲಸದಲ್ಲಿ ಎಲ್ಲ ಸರಿ ಇದೆ ಅಂತ ಹೇಳಲಾರೆ. ಹನ್ನೊಂದು ವರ್ಷ ದುಡಿದಿದ್ದೇನೆ ಅನ್ನೋದಕ್ಕೆ ನನ್ನ ಹತ್ತಿರ ಒಂದು ಚೀಟಿ ಇಲ್ಲ. ಸಂಬಳ ಕೈಗೆ ಕೊಡುತ್ತಾರೆ. ಹೋದ ವರ್ಷ ಮನೆಯ ಮಾಡು ರಿಪೇರಿಗೆ ಸಾಲ ಕೇಳೋಕೆ ಬ್ಯಾಂಕಿಗೆ ಹೋದರೆ, ಆದಾಯದ ದಾಖಲೆ ಎಲ್ಲಿ ಅಂದರು, ಸುಮ್ನೆ ವಾಪಸ್ ಬಂದೆ. ಒಂಬತ್ತನೇ ಬೆಂಡಿನಲ್ಲಿ ಟೈರ್ ಸಿಡಿದಾಗ ಅರ್ಧ ದುಡ್ಡು ನನ್ನ ಬಾಟಾದಲ್ಲಿ ಹಿಡಿದುಕೊಂಡರು. ಟೈರ್ ಸವೆದಿದೆ ಅಂತ ಎರಡು ತಿಂಗಳಿಂದ ನಾನೇ ಹೇಳುತ್ತಿದ್ದೆ. ಆ ಬೇಜಾರು ಇನ್ನೂ ಹೋಗಿಲ್ಲ. ಹೊಸೂರಿಗೆ ಹೋಗಿ ನೋಡಿ ಬರೋಣ ಅಂತ ಅನ್ನಿಸಿದ್ದೇ ಆವಾಗ.

ಅಲ್ಲಿ ನಮ್ಮೂರ ಹುಡುಗ ಒಬ್ಬ ಕಂಟೇನರ್ ಓಡಿಸುತ್ತಾನೆ. ಅವನೇ ಕರೆದುಕೊಂಡು ಹೋದ. ಯಾರ್ಡಿನಲ್ಲಿ ಗಾಡಿ ಕೊಟ್ಟು ರಿವರ್ಸ್ ಹಾಕಿಸಿದರು, ಲೈಸೆನ್ಸ್ ನೋಡಿದರು, ಅಷ್ಟೇ. ಗಾಡಿ ಹೊಸದು. 2025ರಿಂದ ಹೊಸ ಲಾರಿಗಳ ಕ್ಯಾಬಿನ್‌ಗೆ ಏಸಿ ಕಡ್ಡಾಯ ಆಗಿದೆಯಲ್ಲ, ಇದರಲ್ಲೂ ಇದೆ. ಬೇಸಿಗೆಯಲ್ಲಿ ಇಂಜಿನ್ ಕಾವಿಗೆ ಕಾಲು ಬೇಯಿಸಿಕೊಂಡವರಿಗೆ ಅದರ ಬೆಲೆ ಗೊತ್ತು. ಕೆಲಸ ಏನೆಂದರೆ ಹೊಸೂರಿನಿಂದ ಪುಣೆ ಹತ್ತಿರದ ಚಾಕಣ್‌ಗೆ ಬಿಡಿಭಾಗ ಒಯ್ಯುವುದು. ತುಮಕೂರು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಸುಮಾರು 900 ಕಿಲೋಮೀಟರ್. ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ ಲೆಕ್ಕದಲ್ಲಿ 200 ಕಿಲೋಮೀಟರ್‌ಗೆ ಒಂದು ದಿನ, ಅಂದರೆ ಐದು ದಿನ ಟೈಮ್ ಇರುತ್ತದೆ. ಕಂಪನಿ ಕೊಡುವುದು 30 ಗಂಟೆ. ಡ್ರೈವರ್ ಒಬ್ಬನೇ. ಗಾಡಿ ಎಲ್ಲಾದರೂ ಅರ್ಧ ಗಂಟೆ ಜಾಸ್ತಿ ನಿಂತರೆ ಜಿಪಿಎಸ್ ನೋಡಿ ಫೋನ್ ಮಾಡುತ್ತಾರೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ 1961ರಲ್ಲೇ ಬರೆದಿದ್ದರು. ಅಷ್ಟೇ ಗಂಟೆ ಓಡಿಸಿದ ಲಾರಿ ಡ್ರೈವರ್‌ನನ್ನು ನಾನಂತೂ ನೋಡಿಲ್ಲ.

"ತಿಂಗಳಿಗೆ ಎಷ್ಟು ದಿನ ಊರಿಗೆ ಬರ್ತೀಯಪ್ಪ?" ಅಂತ ಹುಡುಗನನ್ನು ಕೇಳಿದೆ.

"ನಾಲ್ಕು ದಿನ ಅಣ್ಣ. ಹಬ್ಬ ಇದ್ರೆ ಕೇಳ್ಕೊಂಡು ಇನ್ನೊಂದು ದಿನ."

ಈಗ ಲೆಕ್ಕ. ಇಲ್ಲಿ ಸಂಬಳ 9,000. ತಿಂಗಳಿಗೆ 18 ಟ್ರಿಪ್, ಟ್ರಿಪ್‌ಗೆ 700 ಬಾಟಾ, ಅಂದರೆ 12,600. ಒಟ್ಟು 21,600. ದಾರಿಯಲ್ಲಿ ಟೀ ತಿಂಡಿ ಅಂತ 1,800 ಹೋದರೆ ಮನೆಗೆ 19,800. ಅಲ್ಲಿ ಸಂಬಳ 24,000, ಪಿಎಫ್ 1,800 ಕಳೆದರೆ 22,200. ದಿನಕ್ಕೆ 400 ಬಾಟಾ ಅಂದಾಗ ಬಾಯಲ್ಲಿ ನೀರು ಬಂತು. ಆದರೆ ಮೂರು ಹೊತ್ತೂ ಢಾಬಾದಲ್ಲೇ ತಿಂದು, ಸ್ನಾನಕ್ಕೂ ಕಾಸು ಕೊಟ್ಟು 350 ಖರ್ಚಾಗುತ್ತದೆ ಅಂತ ಹುಡುಗನೇ ಹೇಳಿದ. 26 ದಿನಕ್ಕೆ ಉಳಿಯುವುದು 1,300. ಒಟ್ಟು 23,500. ಎರಡಕ್ಕೂ ವ್ಯತ್ಯಾಸ 3,700.

ಈಗ ತಿಂಗಳಿಗೆ ಸುಮಾರು 26 ರಾತ್ರಿ ಮನೆಯಲ್ಲಿರುತ್ತೇನೆ. ಅಲ್ಲಿಗೆ ಹೋದರೆ ನಾಲ್ಕು. 3,700ನ್ನು ಆ 22 ರಾತ್ರಿಗೆ ಹಂಚಿದರೆ ಒಂದು ರಾತ್ರಿಗೆ 168 ರೂಪಾಯಿ ಬರುತ್ತದೆ. ಆ ಅಂಕಿ ನೋಡಿಕೊಂಡು ತುಂಬಾ ಹೊತ್ತು ಕೂತಿದ್ದೆ.

ನ್ಯಾಯವಾಗಿ ನೋಡಿದರೆ ಪಿಎಫ್ ಕೂಡ ನನ್ನದೇ ದುಡ್ಡು, ಕಂಪನಿ ಹಾಕುವ 1,800 ಕೂಡ ನನ್ನದೇ. ಎರಡನ್ನೂ ಸೇರಿಸಿದರೆ ರಾತ್ರಿಗೆ 330 ದಾಟುತ್ತದೆ. ನನ್ನನ್ನು ಎಳೆದಿದ್ದೂ ಅದೇ. ಪಿಎಫ್ ಇದ್ದರೆ ವಯಸ್ಸಾದ ಮೇಲೆ ಪೆನ್ಷನ್, ಕೆಲಸದಲ್ಲಿರುವಾಗಲೇ ಸತ್ತರೆ ಮನೆಯವರಿಗೆ 7 ಲಕ್ಷದವರೆಗೂ ವಿಮೆ. 24,000 ಸಂಬಳಕ್ಕೆ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಇಎಸ್‌ಐ ಸಿಗುವುದಿಲ್ಲ, ಅದರ ಮಿತಿ 21,000. ಇದನ್ನು ಕೆಲಸಕ್ಕೆ ಕರೆಯುವವರು ಹೇಳುವುದಿಲ್ಲ, ನಾವೇ ಕೇಳಬೇಕು. ಸಂಸಾರ ಹೊಸೂರಿಗೆ ಕರೆದುಕೊಂಡು ಹೋಗೋಣ ಅಂದರೆ ಬಾಡಿಗೆ ಏಳು ಸಾವಿರ, ಇಲ್ಲಿ ಹೆಂಡತಿ ಅರಿಶಿನ ಹೊಲದಲ್ಲಿ ದುಡಿಯುವ ಕೂಲಿಯೂ ಹೋಗುತ್ತದೆ. ಅವ್ವ ಅಂತೂ ಊರು ಬಿಟ್ಟು ಬರುವುದಿಲ್ಲ.

ಭಾನುವಾರ ಓನರ್ ಮನೆಗೆ ಹೋಗಿ ಎಲ್ಲ ಬಿಚ್ಚಿ ಹೇಳಿದೆ. ಮೂರು ಲಾರಿ ಇರುವವರು ಅವರು, ಪಿಎಫ್ ಕೇಳಿದರೆ ಆಗುವುದಿಲ್ಲ ಅಂತ ನನಗೂ ಗೊತ್ತು, 20 ಜನ ಇದ್ದರೆ ಮಾತ್ರ ಅದು ಕಡ್ಡಾಯ. ಹಾಗಾಗಿ ಬೇರೆ ಕೇಳಿದೆ. ಸಂಬಳ, ಬಾಟಾ ಎಲ್ಲ ಬ್ಯಾಂಕಿಗೇ ಹಾಕಬೇಕು. ಸಂಬಳ ಸಾವಿರದ ಇನ್ನೂರು ಜಾಸ್ತಿ ಮಾಡಬೇಕು. ಟೈರ್ ಖರ್ಚು ಇನ್ನು ಮುಂದೆ ನನ್ನ ತಲೆಗೆ ಬೇಡ. ಲಾರಿ ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಡ್ರೈವರ್, ಕ್ಲೀನರ್ ಇಬ್ಬರನ್ನೂ ಸೇರಿಸಬೇಕು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹನ್ನೊಂದು ವರ್ಷದಲ್ಲಿ ಒಂದು ಸಲನೂ ಕೇಳ್ಲಿಲ್ವಲ್ಲಪ್ಪ ನೀನು" ಅಂದರು. ಸಂಬಳಕ್ಕೆ ಸಾವಿರಕ್ಕೆ ಒಪ್ಪಿದರು, ಉಳಿದಿದ್ದಕ್ಕೆಲ್ಲ ಸರಿ ಅಂದರು. ಮೊದಲೇ ಕೇಳಬೇಕಿತ್ತು ಅಂತ ಈಗ ಅನ್ನಿಸುತ್ತಿದೆ. ಬಿಟ್ಟು ಹೋಗುವ ಮೊದಲು ಒಂದು ಸಲ ಬಾಯಿ ಬಿಟ್ಟು ಕೇಳಿ ನೋಡಿ, ನಿಮ್ಮ ಓನರ್ ಒಪ್ಪದಿದ್ದರೆ ಆಮೇಲೆ ಹೋಗಿ.

ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಬರುವುದಿಲ್ಲ ಅಂದೆ. ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುವುದಿಲ್ಲ. ನಮ್ಮ ಕ್ಲೀನರ್‌ಗೆ 23 ವರ್ಷ, ಲೈಸೆನ್ಸ್ ಬಂದ ಕೂಡಲೇ ಕಂಪನಿಗೆ ಹೋಗು ಅಂತ ನಾನೇ ಹೇಳಿದ್ದೇನೆ. ಆ ವಯಸ್ಸಿನಲ್ಲಿ ಪಿಎಫ್ ಶುರುವಾದರೆ ಅವನಿಗೆ ಮೂವತ್ತೈದು ವರ್ಷ ಸಿಗುತ್ತದೆ. ನಾನು ಆ ವಯಸ್ಸಲ್ಲಿ ಇದ್ದಿದ್ದರೆ ಹೋಗುತ್ತಿದ್ದೆ.

ಪೆನ್ಷನ್‌ಗೆ ನಾನೇ ದಾರಿ ಮಾಡಿಕೊಳ್ಳಬೇಕು. ಅಟಲ್ ಪೆನ್ಷನ್‌ಗೆ 40 ವರ್ಷದವರೆಗೆ ಮಾತ್ರ ಸೇರಿಸಿಕೊಳ್ಳುತ್ತಾರೆ. 38ಕ್ಕೆ ಸೇರಿದರೆ ತಿಂಗಳಿಗೆ 1,196 ಕಟ್ಟಬೇಕು, 60 ಆದ ಮೇಲೆ ತಿಂಗಳಿಗೆ 5,000 ಬರುತ್ತದೆ. ಜಾಸ್ತಿ ಮಾಡಿದ ಸಾವಿರ ಹೆಚ್ಚುಕಮ್ಮಿ ಅದಕ್ಕೇ ಹೋಗುತ್ತದೆ, ಹೋಗಲಿ. ಜೊತೆಗೆ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436ರ ಜೀವ ವಿಮೆ, ಎರಡಕ್ಕೂ ಎರಡೆರಡು ಲಕ್ಷ. ಶುಕ್ರವಾರ ಲೋಡ್ ಇಲ್ಲ. ಆಧಾರ್, ಪಾಸ್‌ಬುಕ್ ತೆಗೆದಿಟ್ಟಿದ್ದೇನೆ, ಬ್ಯಾಂಕ್ ತೆಗೆಯುವ ಹೊತ್ತಿಗೆ ಹೋಗಬೇಕು.