ಹತ್ತನೇ ಕ್ಲಾಸಿನ ಲೆಕ್ಕಕ್ಕೆ ಆರನೇ ಕ್ಲಾಸಿನ ಉತ್ತರ

ಸಂಜೆ ಏಳಾಯಿತು ಅಂದರೆ ನಮ್ಮ ಮನೆಯ ಊಟದ ಮೇಜು ಶಾಲೆಯಾಗಿಬಿಡುತ್ತದೆ. ಮಗಳು ಎಸ್‌ಎಸ್‌ಎಲ್‌ಸಿ, ಸ್ಟೇಟ್ ಸಿಲಬಸ್. ಮೈದುನನ ಮಗಳು ಆರನೇ ಕ್ಲಾಸು, ಅವಳದ್ದು ಸಿಬಿಎಸ್‌ಇ. ನನ್ನ ಮಗ ನಾಲ್ಕನೇ ಕ್ಲಾಸು. ನಾನು ಬಿಕಾಂ ಮಾಡಿದವಳು, ಆದ್ದರಿಂದ ಲೆಕ್ಕದ ಪುಸ್ತಕ ಯಾರದ್ದೇ ಆದರೂ ಕೊನೆಗೆ ನನ್ನ ಮುಂದೆ ಬರುತ್ತದೆ. ಪಕ್ಕದಲ್ಲಿ ಮಾವನವರು ಪೇಪರ್ ಹಿಡಿದು ಕೂತಿರುತ್ತಾರೆ. ನಲವತ್ತು ವರ್ಷ ತುಮಕೂರಿನಲ್ಲಿ ದಿನಸಿ ಅಂಗಡಿ ನಡೆಸಿದವರು, ಈಗಲೂ ಕ್ಯಾಲ್ಕುಲೇಟರ್ ಮುಟ್ಟುವುದಿಲ್ಲ.

ಮಗನಿಂದ ಶುರು ಮಾಡುತ್ತೇನೆ. ಮೊನ್ನೆ ಅವನಿಗೆ 23ನ್ನು 14ರಿಂದ ಗುಣಿಸುವ ಲೆಕ್ಕ ಇತ್ತು. ನಾನು ಕಲಿತದ್ದು ಹೀಗೆ: ಒಂದರ ಕೆಳಗೆ ಒಂದು ಬರಿ, ಮೊದಲು 4ರಿಂದ ಗುಣಿಸು, ಎರಡನೇ ಸಾಲಿಗೆ ಬಂದಾಗ ಬಲಗಡೆ ಒಂದು ಸೊನ್ನೆ ಹಾಕು, 1ರಿಂದ ಗುಣಿಸು, ಕೂಡು. ಆ ಸೊನ್ನೆ ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ, ಹಾಕದಿದ್ದರೆ ಏಟು ಬೀಳುತ್ತಿತ್ತು ಅಷ್ಟೇ. ಇವನು ಒಂದು ಆಯತ ಬರೆದ. ಮೇಲೆ 20 ಮತ್ತು 3, ಪಕ್ಕದಲ್ಲಿ 10 ಮತ್ತು 4. ಒಳಗೆ ನಾಲ್ಕು ಮನೆ ಆದವು: 200, 30, 80, 12. ಕೂಡಿದ, 322. 'ಈ ಒಂದು ಒಂದಲ್ಲ ಅಮ್ಮ, ಹತ್ತು' ಅಂದ. ಸೊನ್ನೆಯ ಗುಟ್ಟು ನನಗೆ ತಿಳಿದಿದ್ದು ಆವತ್ತು! ಆಮೇಲೆ ಅವರ ಟೀಚರ್ ನಮ್ಮ ಹಳೇ ವಿಧಾನವನ್ನೂ ಹೇಳಿಕೊಡುತ್ತಾರಂತೆ, ಪರೀಕ್ಷೆಯಲ್ಲಿ ಬೇಗ ಆಗುತ್ತದಲ್ಲ ಅದಕ್ಕೆ. ಹಾಗಂತ ಮಗ್ಗಿಯಿಂದ ಏನೂ ಬಿಡುಗಡೆ ಸಿಕ್ಕಿಲ್ಲ. ಏಳೆಂಟ್ಲ ಎಷ್ಟು ಅಂದರೆ ಇನ್ನೂ ಚಾವಣಿ ನೋಡುತ್ತಾನೆ.

ಆರನೇ ಕ್ಲಾಸಿನ ಪುಸ್ತಕ ನನಗೆ ಎಲ್ಲಕ್ಕಿಂತ ಇಷ್ಟ. 2024ರಲ್ಲಿ ಎನ್‌ಸಿಇಆರ್‌ಟಿ ತಂದ ಹೊಸ ಪುಸ್ತಕ, ಹೆಸರು ಗಣಿತ ಪ್ರಕಾಶ. ಅದರಲ್ಲಿ ಅವಿಭಾಜ್ಯ ಸಂಖ್ಯೆಗಳ ಪಾಠ ಶುರುವಾಗುವುದೇ ಇಡ್ಲಿ ವಡೆ ಆಟದಿಂದ. ಎಲ್ಲರೂ ಸುತ್ತ ಕೂತು ಒಬ್ಬೊಬ್ಬರಾಗಿ ಎಣಿಸಬೇಕು. 3ರ ಮಗ್ಗಿಯ ಸಂಖ್ಯೆ ಬಂದರೆ ಸಂಖ್ಯೆ ಬದಲು 'ಇಡ್ಲಿ', 5ರ ಮಗ್ಗಿಯದ್ದಾದರೆ 'ವಡೆ', ಎರಡಕ್ಕೂ ಸೇರಿದ್ದಾದರೆ 'ಇಡ್ಲಿ ವಡೆ'. ತಪ್ಪಿದವರು ಔಟ್. ಮಾವನವರೂ ಆಡಿದರು, 27ಕ್ಕೆ ಔಟ್ ಆದರು. ಹದಿನೈದು, ಮೂವತ್ತು, ನಲವತ್ತೈದಕ್ಕೆ ಮಾತ್ರ ಇಡ್ಲಿ ವಡೆ ಬರುತ್ತದೆ ಅಂತ ಹುಡುಗಿ ತಾನೇ ಕಂಡುಕೊಂಡಳು. ಅದರಲ್ಲಿ ಮೊದಲು ಬರುವ ಹದಿನೈದೇ ತಾನೇ ನಮ್ಮ ಲ.ಸಾ.ಅ., ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯ? ನಾವು ಆ ಮೂರಕ್ಷರದ ಪೂರ್ತಿ ಹೆಸರನ್ನು ಕಂಠಪಾಠ ಮಾಡಿದ್ದೆವು, ಅದು ಯಾತಕ್ಕೆ ಬೇಕು ಅಂತ ಮಾತ್ರ ಗೊತ್ತಿರಲಿಲ್ಲ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಬೇಕಾದರೆ ಬೇಕಾಗುವುದು ಅದೇ.

ಇದು ನಮ್ಮ ಸೀಮೆಯ ವಿದ್ಯೆ ಕೂಡ. ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳನ್ನು ಲ.ಸಾ.ಅ. ಹಿಡಿದು ಕೂಡುವುದನ್ನು ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು 9ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ. ಇದೇ ಮಹಾವೀರಾಚಾರ್ಯರು ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂತಲೂ ಬರೆದಿದ್ದರು. ಅದು ತಪ್ಪು. ನನ್ನ ಮಗನೂ ಅದೇ ತಪ್ಪು ಮಾಡಿ ಕೆಂಪು ಗೆರೆ ಎಳೆಸಿಕೊಂಡು ಬಂದಿದ್ದ, ಈ ಕಥೆ ಹೇಳಿದ ಮೇಲೆ ಅವನಿಗೆ ಭಾರೀ ಸಮಾಧಾನ.

ಭಿನ್ನರಾಶಿಯ ಗುಣಾಕಾರ, ಭಾಗಾಕಾರ ಬರುವುದು ಏಳನೇ ಕ್ಲಾಸಿಗೆ. 'ಉಲ್ಟಾ ಮಾಡಿ ಗುಣಿಸು' ಅಂತ ಕಲಿತವಳು ನಾನು, ಯಾಕೆ ಉಲ್ಟಾ ಅಂತ ಕೇಳಿದರೆ ಈಗಲೂ ತಡವರಿಸುತ್ತೇನೆ. ಮಾವನವರಿಗೆ ಆ ಸೂತ್ರವೇ ಗೊತ್ತಿಲ್ಲ. ಆದರೆ ಮುಕ್ಕಾಲು ಕೆಜಿ ಕಡಲೆಬೇಳೆಯನ್ನು ಅರೆಕಾಲು ಕೆಜಿ ಪೊಟ್ಟಣ ಕಟ್ಟಿದರೆ ಎಷ್ಟಾಗುತ್ತದೆ ಅಂದರೆ ತಲೆ ಎತ್ತದೇ 'ಆರು' ಅನ್ನುತ್ತಾರೆ. ಅವರು ಕಲಿತದ್ದು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಹಿಂದಿನ ಕಾಲದ ಲೆಕ್ಕವೇ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ, ಅವರ ಜೊತೆ ಓದಿದವರಲ್ಲಿ ಅರ್ಧ ಜನ ಆ ಮಗ್ಗಿಗೆ ಹೆದರಿಯೇ ಶಾಲೆ ಬಿಟ್ಟರಂತೆ.

ಈಗ ಮಗಳ ವಿಷಯ. ಶ್ರೇಢಿ, ತ್ರಿಭುಜ, ವೃತ್ತ, ತ್ರಿಕೋನಮಿತಿ, ಸಂಭವನೀಯತೆ ಎಲ್ಲಾ ಒಂದೇ ವರ್ಷಕ್ಕೆ. ಪರೀಕ್ಷೆಗೆ 80, ಆಂತರಿಕ ಅಂಕ 20. ಥೇಲ್ಸ್ ಪ್ರಮೇಯ ನಿದ್ದೆಯಲ್ಲಿ ಎಬ್ಬಿಸಿದರೂ ಬರೆಯುತ್ತಾಳೆ. ಸಿಕ್ಕಿಹಾಕಿಕೊಂಡಿದ್ದು ವರ್ಗ ಸಮೀಕರಣದ ಪಾಠದ ಶುರುವಿನಲ್ಲೇ. ಒಂದು ಪ್ರಾರ್ಥನಾ ಮಂದಿರ, ನೆಲದ ವಿಸ್ತೀರ್ಣ 300 ಚದರ ಮೀಟರ್, ಉದ್ದ ಅಗಲದ ಎರಡರಷ್ಟಕ್ಕಿಂತ ಒಂದು ಮೀಟರ್ ಜಾಸ್ತಿ. ಅಗಲವನ್ನು ಎಕ್ಸ್ ಅಂತ ಇಟ್ಟುಕೊಂಡರೆ ಎರಡು ಎಕ್ಸ್ ವರ್ಗ, ಕೂಡು ಎಕ್ಸ್, ಕಳೆ 300, ಸಮ ಸೊನ್ನೆ. ಇಲ್ಲಿಯವರೆಗೆ ಸಲೀಸು. ಮುಂದೆ ಎರಡು ಸಂಖ್ಯೆ ಹುಡುಕಬೇಕು: ಗುಣಿಸಿದರೆ ಮೈನಸ್ 600, ಕೂಡಿದರೆ 1. 20 ಮತ್ತು 30 ಹಾಕಿದಳು, 15 ಮತ್ತು 40 ಹಾಕಿದಳು, ಆಮೇಲೆ ಪೆನ್ನು ಕುಕ್ಕಿದಳು. ಸೂತ್ರಕ್ಕೆ ಹಾಕಿಬಿಡು ಅಂದೆ ನಾನು, ನನಗೂ ಹೊಳೆಯದೇ ಇದ್ದುದಕ್ಕೆ.

ಮೇಜಿನ ಆ ಕಡೆಯಿಂದ ಚಿಕ್ಕವಳು '600ಕ್ಕೆ ಅಪವರ್ತನ ತಾನೇ ಅಕ್ಕ?' ಅಂದಳು. ಶಾಲೆಯಲ್ಲಿ ಅವಳಿಗೆ ಆ ವಾರವೆಲ್ಲ ಅದೇ ಕೆಲಸ. 1 ಮತ್ತು 600, 2 ಮತ್ತು 300, 3 ಮತ್ತು 200, 7 ಆಗಲ್ಲ, 8 ಮತ್ತು 75, ಹೀಗೆ ಒಂದೊಂದಾಗಿ ಬರೆಯುತ್ತಾ ಹೋಗಿ 24 ಮತ್ತು 25ಕ್ಕೆ ನಿಂತಳು. ವ್ಯತ್ಯಾಸ ಒಂದು. ನಮ್ಮ ಹುಡುಗಿಯ ಮುಖ ನೋಡಬೇಕಿತ್ತು. ಹತ್ತನೇ ಕ್ಲಾಸಿನಲ್ಲಿ ಗಣಿತ ಬರಲ್ಲ ಅಂತ ಟ್ಯೂಷನ್‌ಗೆ ಸೇರಿಸುತ್ತೇವಲ್ಲ, ಅದರಲ್ಲಿ ಎಷ್ಟೋ ಪಾಲು ಆರನೇ ಕ್ಲಾಸಿನ ಬಾಕಿ ಅಂತ ನನಗೆ ಆವತ್ತಿನಿಂದ ಗಟ್ಟಿಯಾಗಿ ಅನ್ನಿಸಿದೆ.

ಅಗಲ 12, ಉದ್ದ 25 ಅಂತ ಬಂತು. ಮಗ ಸುಮ್ನೆ ಕೂರುತ್ತಾನಾ, ತನ್ನ ಆಯತ ಬರೆದು ನೋಡಿದ. 200, 50, 40, 10. ಸರಿಯಾಗಿ 300! ಆಗ ನನಗೆ ಇನ್ನೊಂದು ಹೊಳೆಯಿತು. ಅವನ ನಾಲ್ಕು ಮನೆಯ ಮೇಲೆ 2ಎಕ್ಸ್ ಮತ್ತು 25, ಪಕ್ಕದಲ್ಲಿ ಎಕ್ಸ್ ಮತ್ತು ಮೈನಸ್ 12 ಬರೆದರೆ ಒಳಗೆ ಬರುವುದೆಲ್ಲ ಇವಳ ಸಮೀಕರಣವೇ. ಮೈನಸ್ ಉದ್ದದ ಗೆರೆ ಎಳೆಯೋಕೆ ಆಗಲ್ಲಮ್ಮ ಅಂತ ಮಗಳು ತಕರಾರು ತೆಗೆದಳು, ಅದೂ ನಿಜ ಅನ್ನಿ.

ಇನ್ನೊಂದು ಉತ್ತರವೂ ಇತ್ತು, ಮೈನಸ್ ಹನ್ನೆರಡೂವರೆ. ಅದನ್ನು ಅವಳು ಹೊಡೆದುಹಾಕಿದಳು.

'ಅದ್ಯಾಕೆ ಹೊಡೆದೆ?' ಅಂದರು ಮಾವನವರು.

'ಅಗಲ ಮೈನಸ್ ಇರಲ್ಲ ತಾತ, ಬಿಟ್ಟುಬಿಡಬೇಕು.'

'ಉದ್ದ ಎಷ್ಟು ಬರ್ತದೆ ಅದಕ್ಕೆ?'

ಲೆಕ್ಕ ಹಾಕಿದಳು. 'ಮೈನಸ್ ಇಪ್ಪತ್ನಾಲ್ಕು.'

'ಹನ್ನೆರಡೂವರೆ ಇಪ್ಪತ್ನಾಲ್ಕು ಸಲ ಅಂದ್ರೆ ಮುನ್ನೂರು. ಲೆಕ್ಕ ಸರಿಯಾಗೇ ಇದೆಯಲ್ಲಮ್ಮ' ಅಂದರು.

ಮಗಳು ನನ್ನ ಮುಖ ನೋಡಿದಳು. ನಾನು ಸಾರು ಬಿಸಿ ಮಾಡಲು ಎದ್ದೆ.